ಹಳೆಯ ಮರದ ಚಿತ್ರಚೌಕಟ್ಟುಗಳ ಕಾಲನಿರ್ಣಯ: ವರ್ತಕರು ಗಮನಿಸಬೇಕಾದ ಅಂಶಗಳು

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ಹಳೆಯ ಮನೆಗಳ ಪಡಸಾಲೆಗಳಲ್ಲಿಯೂ ಜವಳಿ ಅಂಗಡಿಗಳ ಗಾದಿಯ ಹಿಂದಿನ ಗೋಡೆಗಳಲ್ಲಿಯೂ ಕಟ್ಟು ಹಾಕಿಸಿದ ದೇವರ ಪಟಗಳು, ಹಿರಿಯರ ಭಾವಚಿತ್ರಗಳು ಇಂದಿಗೂ ಕಾಣಸಿಗುತ್ತವೆ. ಆಲಮಟ್ಟಿ ಹಿನ್ನೀರಿನಿಂದಾಗಿ ಬೀಳಗಿ ತಾಲೂಕಿನ ಅನೇಕ ಗ್ರಾಮಗಳು ಸ್ಥಳಾಂತರಗೊಂಡವು. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ ಹಾಗೂ ಘಟಪ್ರಭಾ ನದಿಗಳ ಪ್ರವಾಹ ನದಿತೀರದ ಮನೆಗಳನ್ನು ಹಾಳುಗೆಡವಿತು. ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಸಮ್ಮತಿಸಿರುವುದರಿಂದ ಇನ್ನಷ್ಟು ಮನೆಗಳು ತೆರವಾಗಬೇಕಾಗುತ್ತದೆ. ಹೀಗೆ ಮನೆ ಬಿಚ್ಚುವಾಗ ತೊಲೆ, ಕಂಬ, ಬಾಗಿಲುಗಳಿಗೆ ಬೆಲೆ ಕಟ್ಟುವವರು ಪಟಗಳ ಚೌಕಟ್ಟನ್ನು ಗುಜರಿಯ ಲೆಕ್ಕಕ್ಕೆ ಸೇರಿಸಿಬಿಡುವುದುಂಟು. ಇನ್ನೊಂದೆಡೆ, ಹೊಸ ಚೌಕಟ್ಟಿಗೆ ಹಳೆಯದೆಂಬ ಬೆಲೆ ತೆತ್ತು ನಷ್ಟ ಹೊಂದುವವರೂ ಇದ್ದಾರೆ. ಆದ್ದರಿಂದ ಚೌಕಟ್ಟಿನ ಕಾಲವನ್ನು ಅಂದಾಜಿಸುವ ಕ್ರಮವನ್ನು ಕೊಳ್ಳುವವರೂ ಮಾರುವವರೂ ಅರಿತಿರುವುದು ಅಗತ್ಯ.

ಚಿತ್ರದ ವಯಸ್ಸು, ಚೌಕಟ್ಟಿನ ವಯಸ್ಸು

ಇವೆರಡನ್ನೂ ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು. ರಾಜಾ ರವಿವರ್ಮರ ಮುದ್ರಣಾಲಯವು 1894ರಲ್ಲಿ ಮುಂಬಯಿಯಲ್ಲಿ ಆರಂಭಗೊಂಡು, ಬಳಿಕ ಲೋಣಾವಳಾ ಸಮೀಪದ ಮಳವಲಿಗೆ ಸ್ಥಳಾಂತರವಾಯಿತು. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿಯರ ಪಟಗಳು ಮನೆಮನೆಗೂ ತಲುಪಿದವು. ಆದರೆ ಅಂತಹ ಪಟವೊಂದು ದೊರೆತ ಮಾತ್ರಕ್ಕೆ ಅದರ ಕಟ್ಟೂ ಅದೇ ಕಾಲದ್ದೆಂದು ಭಾವಿಸಲಾಗದು. ಗೆದ್ದಲು ಹಿಡಿದಾಗ, ಗಾಜು ಒಡೆದಾಗ ಕಟ್ಟು ಬದಲಾಗಿರುವ ಸಾಧ್ಯತೆ ಹೆಚ್ಚು. ಪಟದ ಅಂಚನ್ನು ಕತ್ತರಿಸಿ ಸಣ್ಣ ಚೌಕಟ್ಟಿಗೆ ಹೊಂದಿಸಿದ್ದರೆ, ಅಥವಾ ಕಾಗದದ ಮೇಲಿನ ಹಳೆಯ ಕಲೆಯ ಗೆರೆ ಈಗಿನ ಕಟ್ಟಿನ ಅಂಚಿಗೆ ತಾಳೆಯಾಗದಿದ್ದರೆ, ಅದು ನಂತರ ಹಾಕಿಸಿದ ಕಟ್ಟೆಂದೇ ತಿಳಿಯಬೇಕು.

ಹಿಂಬದಿಯ ಪರೀಕ್ಷೆ

ಮುಂಬದಿಗೆ ಬಣ್ಣ, ಪಾಲಿಶ್ ಮತ್ತೆ ಮತ್ತೆ ಬಳಿದಿರುತ್ತಾರೆ. ಹಿಂಬದಿಯನ್ನು ಯಾರೂ ಅಷ್ಟಾಗಿ ಮುಟ್ಟುವುದಿಲ್ಲವಾದ್ದರಿಂದ ಪರೀಕ್ಷೆ ಅಲ್ಲಿಂದಲೇ ಆರಂಭವಾಗಬೇಕು. ಕೈಗರಗಸದ ಗುರುತು ನೇರವಾಗಿಯೂ ಏರುಪೇರಾಗಿಯೂ ಇರುತ್ತದೆ. ಯಂತ್ರದ ದುಂಡು ಗರಗಸವು ಬಿಲ್ಲಿನಂತೆ ಬಾಗಿದ ಗೆರೆಗಳನ್ನು ಬಿಡುತ್ತದೆ. ಕಮ್ಮಾರರು ಬಡಿದ ಮೊಳೆಯ ಮೈ ಚೌಕವಾಗಿದ್ದು ತಲೆ ಒಂದೇ ಸಮನಾಗಿರುವುದಿಲ್ಲ. ದುಂಡು ಮೈಯ ತಂತಿಮೊಳೆಗಳ ಬಳಕೆ ವ್ಯಾಪಕವಾದುದು 19ನೆಯ ಶತಮಾನದ ಕೊನೆಯ ದಶಕಗಳಿಂದೀಚೆಗೆ. ತಲೆಯ ಮೇಲೆ ಕೂಡುಗೆರೆಯ ಕಚ್ಚಿರುವ ಸ್ಕ್ರೂ ಮೊಳೆ 1930ರ ದಶಕಕ್ಕಿಂತ ಹಿಂದಿನದಲ್ಲ. ಹಾರ್ಡ್‌ಬೋರ್ಡ್ ಅಮೆರಿಕದಲ್ಲಿ ರೂಪುಗೊಂಡುದೇ 1924ರಲ್ಲಿ. ಆದರೆ ಮೊಳೆ, ಹಿಂಬದಿಯ ಹಲಗೆಗಳನ್ನು ದುರಸ್ತಿಯ ವೇಳೆ ಬದಲಿಸಿರಬಹುದು. ತೆಗೆದ ಹಳೆಯ ಮೊಳೆಗಳ ತೂತು, ಅವುಗಳ ಸುತ್ತಲಿನ ತುಕ್ಕಿನ ಕಪ್ಪು ಕಲೆ ಇವೆಯೇ ಎಂದು ನೋಡಿದರೆ ದುರಸ್ತಿಯ ಸುಳಿವು ಸಿಗುತ್ತದೆ.

ಮರವು ಒಣಗಿದಂತೆ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಹೆಚ್ಚು ಕುಗ್ಗುವುದಿಲ್ಲ. ಆದ್ದರಿಂದ ಹಳೆಯ ಚೌಕಟ್ಟುಗಳಲ್ಲಿ ಓರೆಯಾಗಿ ಕೂಡಿಸಿದ ಮೂಲೆಗಳು ಹೊರತುದಿಯಲ್ಲಿ ಕೂಡಿಕೊಂಡಿದ್ದು ಒಳಮಗ್ಗುಲಲ್ಲಿ ಸಣ್ಣಗೆ ಬಿರಿದಿರುತ್ತವೆ.

ಗಾಜು ಮತ್ತು ಹೊಳಪು

ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಅಲೆಗಳು, ಗುಳ್ಳೆಗಳು ಕಂಡರೆ ಅದು ಹಳೆಯ ವಿಧಾನದ ಗಾಜು. ಸಂಪೂರ್ಣ ಸಮತಟ್ಟಾದ ಫ್ಲೋಟ್ ಗಾಜಿನ ತಯಾರಿಕೆಯನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಸಂಸ್ಥೆ 1959ರಲ್ಲಿ ಪ್ರಕಟಿಸಿತು. ಭಾರತದಲ್ಲಿ ಇದರ ಕಾರ್ಖಾನೆಗಳು ಬಂದುದು 1990ರ ದಶಕದಲ್ಲಿ. ಚಿನ್ನದ ರೇಕು ಹಚ್ಚಿದ ಕಟ್ಟಿನಲ್ಲಿ ರೇಕುಗಳು ಒಂದರ ಮೇಲೊಂದು ಸೇರಿದ ತೆಳುಗೆರೆಗಳು ಕಾಣುತ್ತವೆ, ಬಣ್ಣವೂ ಮಾಸುವುದಿಲ್ಲ. ಹಿತ್ತಾಳೆ ಪುಡಿಯ ಬಣ್ಣ ಕಾಲಕ್ರಮದಲ್ಲಿ ಕಂದಿ ಹಸಿರಾಗುತ್ತದೆ.

ವಿಳಾಸದ ಚೀಟಿ ನೀಡುವ ಸಾಕ್ಷ್ಯ

ಈ ಭಾಗದ ಆಡಳಿತ ಪದೇ ಪದೇ ಬದಲಾದುದರಿಂದ, ಕಟ್ಟು ಹಾಕಿದ ಅಂಗಡಿಯ ಚೀಟಿ ಹಿಂಬದಿಯಲ್ಲಿ ಉಳಿದಿದ್ದರೆ ಅದು ಬಹಳ ಉಪಯುಕ್ತ. ಜಮಖಂಡಿಯು ಪಟವರ್ಧನರ, ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿತ್ತು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿಯು ಬ್ರಿಟಿಷ್ ಆಡಳಿತದ ಜಿಲ್ಲೆಯಲ್ಲಿತ್ತು. ಆ ಜಿಲ್ಲೆಗೆ ಕಲಾದಗಿ ಎಂಬ ಹೆಸರು ಹೋಗಿ ಬಿಜಾಪುರ ಎಂದಾದುದು 1885ರಲ್ಲಿ. ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡುದು 1948ರಲ್ಲಿ. 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರ ನವೆಂಬರ್ 1ರಿಂದ ಕರ್ನಾಟಕ, 1997ರಿಂದ ಬಾಗಲಕೋಟೆ ಜಿಲ್ಲೆ ಎಂಬ ಹೆಸರುಗಳು ಬಂದವು. ಪಿನ್‌ಕೋಡ್ ಜಾರಿಯಾದುದು 1972ರ ಆಗಸ್ಟ್ 15ರಂದು. ಬೆಲೆಯನ್ನು ‘ನಯೇ ಪೈಸೆ’ಗಳಲ್ಲಿ ಬರೆದಿದ್ದರೆ ಚೀಟಿ 1957ರ ಏಪ್ರಿಲ್‌ಗಿಂತ ಹಿಂದಿನದಾಗಿರಲಾರದು.

ಹೊಸ ಹೆಸರಿರುವ ಚೀಟಿ ಆ ವರ್ಷಕ್ಕಿಂತ ಹಿಂದಿನದಲ್ಲವೆಂಬುದು ಖಚಿತ. ಹಳೆಯ ಹೆಸರಿನ ವಿಷಯದಲ್ಲಿ ಇಷ್ಟು ಖಚಿತವಾಗಿ ಹೇಳಲಾಗದು. ಅಚ್ಚಾಗಿ ಉಳಿದ ಚೀಟಿಗಳನ್ನು ಅಂಗಡಿಯವರು ವರ್ಷಗಟ್ಟಲೆ ಬಳಸುತ್ತಿದ್ದರು. ಹಿಂಬದಿಗೆ ಅಂಟಿಸಿದ ವೃತ್ತಪತ್ರಿಕೆಯ ದಿನಾಂಕವೂ ಕಾಗದ ಅಂಟಿಸಿದ ಕಾಲವನ್ನಷ್ಟೇ ಸೂಚಿಸುತ್ತದೆ.

ಹಳೆಯ ಮರದ ಹೊಸ ಚೌಕಟ್ಟು

ಬಿಚ್ಚಿದ ಮನೆಯ ಸಾಗವಾನಿ ತೊಲೆಯಿಂದ ಹೊಸದಾಗಿ ಚೌಕಟ್ಟು ಮಾಡಿದರೆ ಮರ ನಿಜವಾಗಿಯೂ ಹಳೆಯದೇ ಆಗಿರುತ್ತದೆ. ಇಲ್ಲಿ ಹುಳು ಕೊರೆದ ಗುರುತು ನೆರವಿಗೆ ಬರುತ್ತದೆ. ಹುಳು ಹೊರಬಂದ ಕಡೆ ಮೇಲ್ಮೈಯಲ್ಲಿ ಸಣ್ಣ ತೂತು ಮಾತ್ರ ಇರಬೇಕು. ಒಳಗಿನ ಸುರಂಗ ಕಾಲುವೆಯಂತೆ ತೆರೆದು ಕಂಡರೆ, ಹುಳು ಕೊರೆದ ಬಳಿಕ ಮರವನ್ನು ಕೊಯ್ದಿದ್ದಾರೆಂದು ಅರ್ಥ. ಅಂಚುಗಳ ಸವೆತವೂ ಕೈ ತಾಗುವ ಕಡೆ ಹೆಚ್ಚು, ಉಳಿದೆಡೆ ಕಡಿಮೆ ಇರಬೇಕು. ಎಲ್ಲೆಡೆ ಒಂದೇ ಸಮನೆ ಸವೆದಿದ್ದರೆ ಉಜ್ಜುಕಾಗದದ ಕೆಲಸವೆಂದು ಶಂಕಿಸಬೇಕು.

ಕಾನೂನು ಮತ್ತು ವ್ಯವಹಾರ

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ 100 ವರ್ಷಕ್ಕೆ ಕಡಿಮೆಯಿಲ್ಲದ ಕಲಾಕೃತಿ, ಕುಶಲ ಕೆಲಸದ ವಸ್ತುಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಇವುಗಳ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯ. ಖಾಸಗಿಯವರು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ಆದ್ದರಿಂದ ಕಾಲನಿರ್ಣಯವು ಬೆಲೆಗಷ್ಟೇ ಸಂಬಂಧಿಸಿದ ವಿಷಯವಲ್ಲ.

ಯಾವುದೇ ಒಂದು ಗುರುತಿನಿಂದ ತೀರ್ಮಾನಕ್ಕೆ ಬರಬಾರದು. ಮೂಲದಿಂದಲೂ ಇರುವ ಭಾಗಗಳಲ್ಲಿ ಯಾವುದು ಅತ್ಯಂತ ಈಚಿನದೋ ಅದಕ್ಕಿಂತ ಹಿಂದಿನ ಕಾಲವನ್ನು ಚೌಕಟ್ಟಿಗೆ ಹೇಳಲಾಗದು. ಬಿಲ್ಲಿನಲ್ಲಿ ಚಿತ್ರ, ಚೌಕಟ್ಟು, ಗಾಜು, ದುರಸ್ತಿ ಇವುಗಳ ಅಂದಾಜು ಕಾಲವನ್ನು ಬೇರೆ ಬೇರೆಯಾಗಿ ನಮೂದಿಸುವುದು ಇಬ್ಬರಿಗೂ ಕ್ಷೇಮ. ಮನೆ ತೆರವು ಮಾಡುವ ಕುಟುಂಬಗಳು ಪಟವನ್ನು ಮಾರುವ ಮುನ್ನ ಉಜ್ಜಿ ತೊಳೆಯದೆ, ಬಣ್ಣ ಬಳಿಯದೆ, ಚೀಟಿ ಕೀಳದೆ, ಎರಡೂ ಬದಿಯ ಛಾಯಾಚಿತ್ರ ತೆಗೆದು ಯಾವ ಊರಿನ, ಯಾವ ಮನೆತನದ್ದೆಂದು ಬರೆದಿಡಬೇಕು. ಊರೇ ಸ್ಥಳಾಂತರವಾದ ಬಳಿಕ ಆ ವಿವರವನ್ನು ಬೇರೆಲ್ಲಿಂದಲೂ ಪಡೆಯುವುದು ಕಷ್ಟ.