ಒಂದು ಚಿಪ್ಪು ಕಳಚಿದರೆ ಮೂರು ಗೇರ್ ಮಾಯ

ಟೆಕ್ಸಾಸ್‌ನಲ್ಲಿರುವ ಓದುಗರೊಬ್ಬರು 2003ರ ಷೆವರ್ಲೆ ಸಿಲ್ವರಾಡೋ 1500 ಪಿಕಪ್ ಕೊಳ್ಳಲು ಹೊರಟಿದ್ದಾರೆ. ‘ರಿವರ್ಸ್ ಬೀಳಲ್ಲ, ಅದೊಂದೇ ತೊಂದರೆ’ ಅಂದನಂತೆ ಮಾರುವವನು. ಅದೊಂದೇನಾ ಎಂದು ಕೇಳಿದ್ದಾರೆ.

ನನಗೆ ನಂಬಿಕೆಯಿಲ್ಲ. ಆ ಗಾಡಿಯ 4ಎಲ್60-ಇ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಗೇರಿಗೊಂದು ಚಕ್ರದ ಜೋಡಿ ಇರುವುದಿಲ್ಲ. ನಡುವೆ ಸೂರ್ಯ, ಸುತ್ತ ಗ್ರಹಗಳಂಥ ಪುಟ್ಟ ಚಕ್ರಗಳು, ಎಲ್ಲವನ್ನೂ ಬಳಸಿದ ಹಲ್ಲಿನ ಬಳೆ. ಇಂಥ ಎರಡೇ ಸಂಸಾರ. ಕೋಲಾಟದ ಹಾಗೆ ಆಡುವವರು ಅವರೇ. ಯಾರು ನಿಂತರು, ಯಾರು ಸುತ್ತಿದರು ಎನ್ನುವುದರ ಮೇಲೆ ಗೇರ್ ಬದಲಾಗುತ್ತದೆ. ಒಬ್ಬ ಕೈಕೊಟ್ಟರೆ ಅವನಿರುವ ಆಟಗಳೆಲ್ಲ ಕೆಡುತ್ತವೆ.

ಇಲ್ಲಿ ಹಾಗೆ ಕೈಕೊಡುವುದು ಹಿಂದಿನ ಸೂರ್ಯಚಕ್ರಕ್ಕೆ ಕಚ್ಚಿಕೊಂಡ, ತೆಂಗಿನ ಚಿಪ್ಪಿನಾಕಾರದ ಉಕ್ಕಿನ ಬಟ್ಟಲು. ಎರಡು ಮತ್ತು ನಾಲ್ಕನೇ ಗೇರಿನಲ್ಲಿ ಒಂದು ಬ್ಯಾಂಡ್ ಬಿಗಿದು ಈ ಚಿಪ್ಪನ್ನು ನಿಲ್ಲಿಸುತ್ತದೆ. ರಿವರ್ಸ್‌ನಲ್ಲಿ ಎಂಜಿನ್ನಿನ ಬಲ ಇದರ ಮೂಲಕವೇ ಸಾಗುತ್ತದೆ. ಹಲ್ಲು ಸವೆದು ಅದು ಕಳಚಿತೋ, ಮೂರೂ ಒಟ್ಟಿಗೆ ಹೋದವು. ಉಳಿಯುವುದು ಒಂದು ಮತ್ತು ಮೂರು. ಹಾಗಾಗಿ ರಿವರ್ಸ್ ಬಿಡಿ, ಮುಂದಕ್ಕೆ ಓಡಿಸಿ ನೋಡಿ. ಒಂದನೇ ಗೇರ್ ಮುಗಿದೊಡನೆ ಎಂಜಿನ್ ರೇಸ್ ಆಗಿ, ಗಾಡಿ ಎಳೆಯದೆ, ತುಸು ಹೊತ್ತಿಗೆ ಮೂರನೆಯದು ಕಚ್ಚಿಕೊಂಡರೆ ಚಿಪ್ಪಿನ ಕಥೆ ಮುಗಿದಿದೆ. ಗೇರ್‌ಬಾಕ್ಸ್ ಇಳಿಸಿ ಬಿಚ್ಚದೆ ಗತಿಯಿಲ್ಲ.

ಈ ಬ್ಯಾಂಡ್ ಹೊಸದೇನಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲೂ ಗ್ರಹಚಕ್ರಗಳಿದ್ದವು. ಬ್ಯಾಂಡ್ ಬಿಗಿಯಲು ಚಾಲಕನೇ ಪೆಡಲ್ ತುಳಿಯಬೇಕಿತ್ತು. 1940ರ ಮಾದರಿಯ ಓಲ್ಡ್ಸ್‌ಮೊಬೀಲ್‌ನ ಹೈಡ್ರಾಮ್ಯಾಟಿಕ್‌ನಲ್ಲಿ ಆ ಕಾಲಿನ ಕೆಲಸ ಆಯಿಲ್ ಒತ್ತಡದ ಪಾಲಾಯಿತು.

ಆ ಆಯಿಲ್ ಕೂಡ ಮಾತಾಡುತ್ತದೆ. ಗೇರ್‌ಬಾಕ್ಸ್ ಬಿಸಿಯಾದ ಮೇಲೆ, ಪಾರ್ಕ್‌ನಲ್ಲಿ ಎಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ಎಳೆಯಿರಿ. ಕೆಂಪಗಿದ್ದರೆ ಸರಿ. ಕಪ್ಪಿಟ್ಟು ಸೀದ ವಾಸನೆ ಬಂದರೆ ಕ್ಲಚ್ ಪ್ಲೇಟ್ ಸುಟ್ಟಿವೆ. ಸ್ಟ್ರಾಬೆರಿ ಮಿಲ್ಕ್‌ಶೇಕ್ ಥರ ಕಂಡರೆ ರೇಡಿಯೇಟರಿನ ನೀರು ಸೇರಿದೆ.

ಸ್ಕ್ಯಾನರ್ ಚುಚ್ಚಿದರೆ ಎಲ್ಲ ತಿಳಿಯುತ್ತದೆ ಅನ್ನುವವರಿದ್ದಾರೆ. ಪಿ0741 ಎಂಬ ಕೋಡ್ ಬಂದರೆ ಟಾರ್ಕ್ ಕನ್ವರ್ಟರಿನ ಕ್ಲಚ್ ಮೇಲೆ ಅನುಮಾನ, ನಿಜ. ಆದರೆ ಕಂಪ್ಯೂಟರ್ ನೋಡುವುದು ವೇಗದ ಲೆಕ್ಕವನ್ನು, ಚಿಪ್ಪನ್ನಲ್ಲ. ಬಾಟಲಿಯಲ್ಲಿ ಮಾರುವ ಪವಾಡದ ದ್ರವಕ್ಕಂತೂ ಮುರಿದ ಹಲ್ಲು ಬೆಳೆಸಲು ಬರದು.

ಇನ್ನೊಂದು: ಹೋದೊಡನೆ ಬಾನೆಟ್ ಮುಟ್ಟಿ ನೋಡಿ. ಗಟ್ಟಿಯಾದ ಹಳೆಯ ಸೀಲುಗಳು ತಣ್ಣಗಿರುವಾಗ ತಡವರಿಸುತ್ತವೆ, ಬಿಸಿಯಾದರೆ ಸರಿಹೋದಂತೆ ನಟಿಸುತ್ತವೆ. ಬಾನೆಟ್ ಆಗಲೇ ಬೆಚ್ಚಗಿದ್ದರೆ, ನಾಳೆ ಬೆಳಿಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಅನ್ನಿ.