ಮಜ್ಜಿಗೆ ಕೊಡಿ, ಲಸಿಕೆ ಬಿಡಬೇಡಿ

ನಮ್ಮದು ಹುಣಸೂರು ಕಡೆಯ ಮಳೆಯಾಶ್ರಿತ ಜಮೀನು. ಹೊಗೆಸೊಪ್ಪು, ರಾಗಿ, ಅವರೆ ಬೆಳೀತೀವಿ. ಜೊತೆಗೆ ಇಪ್ಪತ್ತು ಮೊಟ್ಟೆ ಕೋಳಿ, ನಾಟಿ ಮತ್ತು ಗಿರಿರಾಜ. ವಾರದ ಸಂತೆ ಖರ್ಚು ಮೊಟ್ಟೆಯಿಂದಲೇ ಹೋಗುತ್ತೆ.

ವಾರಕ್ಕೆರಡು ಸಲ ಬೆಳಿಗ್ಗೆ ಉಪ್ಪು ಹಾಕದ ಹುಳಿ ಮಜ್ಜಿಗೆಯನ್ನು ನೀರಿಗೆ ಬೆರೆಸಿ ಇಡ್ತೀನಿ. ಅದರಲ್ಲಿರೋ ಒಳ್ಳೆಯ ಜೀವಾಣುಗಳು ಕರುಳಿನಲ್ಲಿ ಕೆಟ್ಟವಕ್ಕೆ ಜಾಗ ಬಿಡೋದಿಲ್ಲ. ಅಂಗಡಿಯವರು ಪ್ರೊಬಯಾಟಿಕ್ ಅಂತ ಮಾರೋದೂ ಇಂಥವನ್ನೇ. ತಗಡಿನ ಪಾತ್ರೆ ಬೇಡ, ಹುಳಿಗೆ ಸತು ಬಿಡುತ್ತೆ. ಮಣ್ಣಿನ ಬೋಗುಣಿ ಸರಿ. ಮಧ್ಯಾಹ್ನಕ್ಕೆ ಉಳಿದದ್ದನ್ನು ಚೆಲ್ಲಿ ತೊಳೀಬೇಕು. ರಾಗಿ ನುಚ್ಚಿಗೆ ಚಿಟಿಕೆ ಅರಿಶಿನ, ಹೆಚ್ಚಿದ ನುಗ್ಗೆಸೊಪ್ಪು ಸೇರಿಸ್ತೀನಿ. ಸೊಪ್ಪು ತಿಂದರೆ ಮೊಟ್ಟೆಯೊಳಗಿನ ಹಳದಿಗೆ ಒಳ್ಳೆ ಬಣ್ಣ ಬರುತ್ತೆ.

ಇದನ್ನೇ ನಂಬಿ ಒಂದು ವರ್ಷ ಲಸಿಕೆ ಹಾಕಿಸಲಿಲ್ಲ. ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂತು. ಹಸಿರು ಹಿಕ್ಕೆ, ತಿರುಚಿದ ಕತ್ತು. ಬೆಳ್ಳುಳ್ಳಿ ಅರೆದು ಕುಡಿಸಿದ್ದೇ ಕುಡಿಸಿದ್ದು! ಐದು ದಿನದಲ್ಲಿ ಹದಿನಾರು ಸತ್ತವು. ಮನೆಯಾಕೆ ಸಂತೆ ಚೀಲವನ್ನು ಮೂಲೆಗೆಸೆದಳು. ಇದು ವೈರಸ್ಸಿನ ರೋಗ. ಬಂದ ಮೇಲೆ ಮದ್ದಿಲ್ಲ, ಮನೆಮದ್ದೂ ಇಲ್ಲ.

ಈಗ ಮರಿಗೆ 5ರಿಂದ 7ನೇ ದಿನದೊಳಗೆ ಲಸೋಟಾ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ತೊಟ್ಟು. 8ನೇ ವಾರ ಆರ್‌2ಬಿ ಚುಚ್ಚುಮದ್ದು. ಅದಕ್ಕೆ ವಾರ ಮುಂಚೆ ಜಂತುಹುಳದ ಔಷಧಿ. ಲಸಿಕೆ ಬಿಸಿಲಿಗೆ ಕೆಡುತ್ತೆ, ಐಸ್ ತುಂಬಿದ ಥರ್ಮಾಸಿನಲ್ಲೇ ತರಬೇಕು. ಬುಡ್ಡಿ ಕಲಸಿದ ಮೇಲೆ ನಾಳೆಗೆ ಇಡೋ ಹಾಗಿಲ್ಲ. ಒಂದು ಬುಡ್ಡಿ ಇಪ್ಪತ್ತು ಕೋಳಿಗೆ ಹೆಚ್ಚು, ಅದಕ್ಕೇ ನಮ್ಮ ಬೀದಿಯ ನಾಲ್ಕು ಮನೆಯವರು ಕೋಳಿಗಳನ್ನು ಕವುಚಿ ಹಾಕಿಟ್ಟು ಒಂದೇ ಬೆಳಿಗ್ಗೆ ಮುಗಿಸ್ತೀವಿ.