ನಡುರಾತ್ರಿ ಅರಳುವ ಮುದ್ದೆ

ರಾಗಿ ಹೂ ನೋಡಿದ್ದೀರಾ? ದಿನವೂ ಮುದ್ದೆ ಉಣ್ಣುವ ಮನೆಯಲ್ಲಿ ಕೇಳಿ, "ರಾಗಿಗೂ ಹೂವೇ?" ಎನ್ನುತ್ತಾರೆ. ಹೂವೇ ಸ್ವಾಮಿ! ಅದೂ ರಾತ್ರಿ ಒಂದು ಗಂಟೆ ಕಳೆದ ಮೇಲೆ, ಬೆಳಗಿನ ಜಾವ ಐದರೊಳಗೆ ಅರಳುವ ಹೂವು! ಎಸಳಿಲ್ಲ, ಜೇನುಹುಳ ಕರೆಯುವ ಗೊಡವೆಯಿಲ್ಲ. ತನ್ನ ಪರಾಗ ತನಗೇ ಸಾಕು. ತೆನೆಯ ಒಂದೊಂದು ಬೆರಳಲ್ಲೂ ತುದಿಯಿಂದ ಬುಡಕ್ಕೆ, ದಿನಕ್ಕಿಷ್ಟು ಎಂದು ಇಳಿಯುತ್ತಾ ಬರುತ್ತದೆ. ಬೆಂಗಳೂರು ಗಾಢ ನಿದ್ದೆಯಲ್ಲಿರುವಾಗ ಮಾಗಡಿ, ಹೊಸಕೋಟೆ, ಕೋಲಾರದ ಹೊಲಗಳಲ್ಲಿ ಕೋಟಿಕೋಟಿ ಹೂ ಬಿಟ್ಟಿರುತ್ತವೆ!

ಲೆಕ್ಕ ಹಾಕಿ. ಸಾವಿರ ಕಾಳು ಕೂಡಿದರೂ ಮೂರು ಗ್ರಾಂ ಮೀರುವುದು ಅಪರೂಪ. ಒಂದು ಮುದ್ದೆಗೆ 100 ಗ್ರಾಂ ಹಿಟ್ಟೆಂದರೂ 30,000ಕ್ಕೂ ಹೆಚ್ಚು ಕಾಳು. ಕಾಳಿಗೊಂದು ಹೂ! ಹೂ ಬಿಡುವ ಹೊತ್ತಿಗೆ ನೆಲದಲ್ಲಿ ಹಸಿ ಇಲ್ಲದಿದ್ದರೆ ತೆನೆಯೆಲ್ಲ ಜೊಳ್ಳು.

ಈ ಹೂವಿನ ಬೆನ್ನು ಹತ್ತಿದವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ತಳಿವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು; ಸಾವಿರಾರು ವರ್ಷಗಳ ಹಿಂದೆಯೇ ಇಲ್ಲಿಗೆ ಬಂದು ನಮ್ಮದೇ ಆಗಿಬಿಟ್ಟಿತು. ಆ ತವರಿನ ರಾಗಿಗೂ ಇಲ್ಲಿನ ರಾಗಿಗೂ ಮತ್ತೆ ಸಂಬಂಧ ಬೆಳೆಸಿದರು ಅವರು. ಸುಲಭವೇ? ಕಣ್ಣಿಗೆ ಕಾಣದಷ್ಟು ಪುಟ್ಟ ಹೂವು, ಚಿಮಟಕ್ಕೂ ಸಿಗದು. ರಾಗಿಯ ತಳಿ ಬೆಸೆಯುವವರ ಉಪಾಯ ಕೇಳಿ: ಹೂ ಬಿಡುವ ಮೊದಲೇ ಎರಡು ತೆನೆಗಳನ್ನು ಜೊತೆಗೂಡಿಸಿ ಕಟ್ಟುವುದು, ಒಂದರ ಪರಾಗ ಇನ್ನೊಂದಕ್ಕೆ ಉದುರಲೆಂದು ಬಿಡುವುದು. ಬಹುಪಾಲು ಕಾಳು ತಾಯಿಯ ಪಡಿಯಚ್ಚೇ. ಬಿತ್ತಿದ ಸಸಿಗಳ ನಡುವೆ ಎಲ್ಲೋ ಒಂದರ ಗಿಣ್ಣಿನಲ್ಲಿ ತಂದೆಯ ಕಡೆಯ ನೇರಳೆ ಬಣ್ಣ ಇಣುಕಿತೋ, ಸಿಕ್ಕಿತು ಮಿಶ್ರತಳಿ! ಹೀಗೆ ಬಂದವೇ ಇಂಡಾಫ್ ತಳಿಗಳು. ಬೆಂಕಿರೋಗ ತಡೆದುಕೊಂಡು ಹೆಸರಾದ ಜಿಪಿಯು-28 ತಳಿಯ ವಂಶದಲ್ಲೂ ಇಂಡಾಫ್-5, ಇಂಡಾಫ್-9 ಇವೆ.

ಇದೆಲ್ಲ ರೈತರಿಗೆ, ವಿಜ್ಞಾನಿಗಳಿಗೆ ಗೊತ್ತಿದ್ದರೆ ಸಾಲದೇ? ಸಾಲದು. ವಿ.ಸಿ. ಫಾರಂ ನಡೆದದ್ದು ಜನರ ದುಡ್ಡಿನಲ್ಲಿ. ಅಲ್ಲಿ ಏನಾಯಿತೆಂದು ಉಣ್ಣುವವರಿಗೇ ತಿಳಿಯದಿದ್ದರೆ, ನಾಳೆ ಅಂಥ ಜಾಗಕ್ಕೆ ಹಣ ನಿಂತರೆ, ರಾಗಿ ಹೊಲ ಸೈಟಾದರೆ ಕೇಳುವವರು ಯಾರು? ಬೆಲೆಯ ಮಾತೂ ಅಷ್ಟೇ. 2024-25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ ಇತ್ತು. ಮುದ್ದೆಯೊಂದರ ಅಷ್ಟೂ ಕಾಳಿಗೆ ನಾಲ್ಕು ರೂಪಾಯಿ ಚಿಲ್ಲರೆ. ಬೀಜ, ಗೊಬ್ಬರ, ಕಳೆ, ಕೊಯ್ಲು, ಕಣ ಎಲ್ಲವೂ ಅದರಲ್ಲೇ ಆಗಬೇಕಿತ್ತು!